ಮ್ಯೂನಿಕ್‌ನಿಂದ ಉಡುಪಿಗೆ ಕಳಿಸಿದ ಹಣ ಬಂದಿಲ್ಲ: ಹಳೆ ಸ್ವಿಫ್ಟ್ ಕೋಡ್ ಕಾರಣ ಇರಬಹುದಾ?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ನಾನು ಇರುವುದು ಮ್ಯೂನಿಕ್‌ನಲ್ಲಿ. ಉಡುಪಿಯಲ್ಲಿರುವ ಅಮ್ಮನ ಖಾತೆಗೆ ಹೋದ ವಾರ ಯೂರೋ ಕಳಿಸಿದೆ. ಅಮ್ಮನದು ಮೊದಲು ಸಿಂಡಿಕೇಟ್ ಬ್ಯಾಂಕ್ ಆಗಿದ್ದ ಶಾಖೆ. ಪಾಸ್‌ಬುಕ್ಕಿನಲ್ಲಿದ್ದ ಐಎಫ್‌ಎಸ್‌ಸಿ ಹಾಕಿದರೆ ‘ಬಿಐಸಿ ಸರಿಯಿಲ್ಲ’ ಅಂತ ಬಂತು (ಬಿಐಸಿ ಅಂದರೆ ಸ್ವಿಫ್ಟ್ ಕೋಡೇ, ದೇಶದಿಂದ ದೇಶಕ್ಕೆ ಹಣ ಕಳಿಸುವಾಗ ಬ್ಯಾಂಕನ್ನು ಗುರುತಿಸುವ ಕೋಡ್). ಆಮೇಲೆ ನೆಟ್‌ನಲ್ಲಿ ಸಿಕ್ಕ ಎಸ್‌ವೈಎನ್‌ಬಿ-ಐಎನ್-ಬಿಬಿ ಹಾಕಿದೆ, ಫಾರ್ಮ್ ತಗೊಂಡಿತು. ಇಲ್ಲಿ ಹಣ ಕಟ್ ಆಗಿದೆ, ಅಲ್ಲಿ ಜಮಾ ಆಗಿಲ್ಲ. ಶಾಖೆಯಲ್ಲಿ ಕೇಳಿದರೆ ‘ನಮಗೇನೂ ಕಾಣ್ತಿಲ್ಲ’ ಅಂತಾರೆ. ಇನ್ನೊಮ್ಮೆ ಕಳಿಸಲಾ?

ಉತ್ತರ 1
ಬೇಡ ಮಾರಾಯ್ರೆ, ಇನ್ನೊಮ್ಮೆ ಮಾತ್ರ ಈಗ ಕಳಿಸಬೇಡಿ. ಮೊದಲನೆಯದು ಎಲ್ಲಿದೆ ಅಂತ ಗೊತ್ತಾಗಲಿ.

ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನ ಆಯಿತು. ನೀವು ಹಾಕಿದ ಸ್ವಿಫ್ಟ್ ಕೋಡನ್ನು 2021ರ ಜುಲೈ 1ರಿಂದ ನಿಲ್ಲಿಸಿದ್ದಾರೆ. ಎಸ್‌ವೈಎನ್‌ಬಿಯಿಂದ ಶುರುವಾಗುವ ಐಎಫ್‌ಎಸ್‌ಸಿಗಳೂ ಆಗಲೇ ಹೋದವು. ಆ ಸ್ವಿಫ್ಟ್ ಕೋಡಿನ ಬದಲು ಬಳಸಿ ಎಂದು ಬ್ಯಾಂಕ್ ಆಗ ಪ್ರಕಟಿಸಿದ್ದು ಸಿಎನ್‌ಆರ್‌ಬಿ-ಐಎನ್-ಬಿಬಿ-ಬಿಎಫ್‌ಡಿ. ಕಳಿಸುವ ಮುಂಚೆ ಶಾಖೆಯಲ್ಲಿ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಫಾರ್ಮ್ ಒಪ್ಪಿತು ಅಂದ ಮಾತ್ರಕ್ಕೆ ಕೋಡ್ ಚಾಲ್ತಿಯಲ್ಲಿದೆ ಅಂತಲ್ಲ. ಅಕ್ಷರಗಳ ಲೆಕ್ಕ ಸರಿ ಇದ್ದರೆ ಸಾಕು ಎನ್ನುವ ಫಾರ್ಮ್‌ಗಳೂ ಇವೆ.

ಐಎಫ್‌ಎಸ್‌ಸಿ ಯಾಕೆ ಹೋಗಲಿಲ್ಲ ಅಂದರೆ, ಅದು ಭಾರತದ ಒಳಗಿನ ವ್ಯವಹಾರಕ್ಕೆ ಮಾತ್ರ. ಅದರಲ್ಲಿ 11 ಅಕ್ಷರ, ಬಿಐಸಿಯಲ್ಲಿ 8 ಅಥವಾ 11. ಹಾಗಾಗಿ ಎಷ್ಟೋ ಜನ ಎರಡೂ ಒಂದೇ ಅಂದುಕೊಳ್ಳುತ್ತಾರೆ. ಐದನೇ ಜಾಗ ನೋಡಿ. ಅಲ್ಲಿ ಸೊನ್ನೆ ಇದ್ದರೆ ಐಎಫ್‌ಎಸ್‌ಸಿ. ಐದು, ಆರನೇ ಜಾಗದಲ್ಲಿ ದೇಶದ ಗುರುತು ‘ಐಎನ್’ ಇದ್ದರೆ ಭಾರತದ ಬಿಐಸಿ. ಅದರ ಮೊದಲ ನಾಲ್ಕು ಅಕ್ಷರ ಬ್ಯಾಂಕ್, ದೇಶದ ನಂತರದ ಎರಡು ಊರು ಅಥವಾ ಕಚೇರಿಯ ಗುರುತು, ಕೊನೆಯ ಮೂರು ಶಾಖೆ. ಕೊನೆಯ ಮೂರು ಇಲ್ಲದಿದ್ದರೆ, ಅಥವಾ ಎಕ್ಸ್‌ಎಕ್ಸ್‌ಎಕ್ಸ್ ಇದ್ದರೆ, ಮುಖ್ಯ ಕಚೇರಿ.

ಎಲ್ಲ ಶಾಖೆಗೂ ಸ್ವಂತ ಸ್ವಿಫ್ಟ್ ಕೋಡ್ ಇರುವುದಿಲ್ಲ. ನಿಮ್ಮ ಊರಿನ ಶಾಖೆಯ ಕೋಡ್ ಸಿಗಲಿಲ್ಲ ಅಂತ ಸುಮ್ನೆ ಹುಡುಕುತ್ತಾ ಕೂರಬೇಡಿ. ಹಣ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗಕ್ಕೆ ಬರುತ್ತದೆ, ಅಲ್ಲಿಂದ ಖಾತೆ ಸಂಖ್ಯೆ ನೋಡಿ ಅಮ್ಮನಿಗೆ ಜಮಾ ಮಾಡುತ್ತಾರೆ. ಹಾಗಾಗಿ ಖಾತೆ ಸಂಖ್ಯೆ ಮತ್ತು ಪಾಸ್‌ಬುಕ್ಕಿನಲ್ಲಿ ಇರುವ ಹಾಗೆಯೇ ಹೆಸರು, ಇವೆರಡರಲ್ಲಿ ಒಂದಕ್ಷರವೂ ತಪ್ಪಬಾರದು. ಶಾಖೆಯ ಹೊಸ ಐಎಫ್‌ಎಸ್‌ಸಿಯನ್ನು ಷರಾ ಜಾಗದಲ್ಲಿ ಬರೆದರೆ ಒಳ್ಳೆಯದು.

ಉತ್ತರ 2
ಹಣ ಹುಡುಕಿಸುವ ದಾರಿ ಹೇಳುತ್ತೇನೆ. ಮ್ಯೂನಿಕ್ ಬ್ಯಾಂಕಿಗೆ ಹೋಗಿ ‘ನಾಖ್‌ಫೋರ್ಶುಂಗ್’ ಅಂದರೆ ತಪಾಸಣೆಗೆ ಅರ್ಜಿ ಕೊಡಿ. ಜೊತೆಗೆ ಸ್ವಿಫ್ಟ್ ಸಂದೇಶದ ಪ್ರತಿ ಕೇಳಿ. ಅದರಲ್ಲಿ ಯುಇಟಿಆರ್ ಅಂತ 36 ಅಕ್ಷರದ ಉದ್ದ ಸಂಖ್ಯೆ ಇರುತ್ತದೆ. ಅದು ಸಿಕ್ಕರೆ ಹಣ ಯಾವ ಬ್ಯಾಂಕಿನಲ್ಲಿ ನಿಂತಿದೆ ಅಂತ ಅವರಿಗೆ ನೋಡಲು ಬರುತ್ತದೆ. ಅಮ್ಮನಿಗೂ ಅದೇ ಸಂಖ್ಯೆ ಕಳಿಸಿ. ಬರೀ ‘ಹಣ ಬಂತಾ’ ಅಂತ ಕೇಳಿದರೆ ಶಾಖೆಯವರು ತಾನೇ ಎಲ್ಲಿ ಹುಡುಕಬೇಕು, ಅಲ್ವಾ?

ಹಣ ವಾಪಸ್ ಬಂದರೆ ಮಧ್ಯದ ಬ್ಯಾಂಕುಗಳ ಶುಲ್ಕ ಕಳೆದು ಬರಬಹುದು. ಮುಂದಿನ ಸಲ ಪೂರ್ತಿ ಮೊತ್ತ ಅಮ್ಮನಿಗೆ ಸಿಗಬೇಕಾದರೆ ಶುಲ್ಕದ ಜಾಗದಲ್ಲಿ ‘ಒಯುಆರ್’ ಆರಿಸಿ, ಖರ್ಚು ನಿಮ್ಮದು. ‘ಎಸ್‌ಎಚ್‌ಎ’ ಅಂದರೆ ಶುಲ್ಕ ಇಬ್ಬರಿಗೂ ಹಂಚಿಕೆ, ಅದಾದರೆ ದಾರಿಯಲ್ಲಿ ಸ್ವಲ್ಪ ಕಡಿತ ಆಗಬಹುದು. ಫಾರ್ಮ್ ಐಬಿಎಎನ್ (ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಇಲ್ಲದೆ ಮುಂದೆ ಹೋಗುತ್ತಿಲ್ಲ ಅಂದರೆ ಅದು ಯುರೋಪಿನ ಒಳಗೆ ಯೂರೋ ಕಳಿಸುವ ಸೆಪಾ ಫಾರ್ಮ್. ಭಾರತದಲ್ಲಿ ಐಬಿಎಎನ್ ಇಲ್ಲ. ವಿದೇಶಕ್ಕೆ ಕಳಿಸುವ ಫಾರ್ಮ್ ತೆಗೆಯಿರಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ತಪಾಸಣೆಗೆ ಅರ್ಜಿ ಕೊಟ್ಟೆ. ಹಣ ಮಧ್ಯದ ಬ್ಯಾಂಕಿನಲ್ಲೇ ನಿಂತಿದೆಯಂತೆ, ವಾಪಸ್ ಬರುತ್ತದೆ ಅಂದರು. ಇನ್ನೊಂದು ಕೇಳಬೇಕಿತ್ತು. ಅಣ್ಣನ ಖಾತೆ ಇರುವುದು ಊರಿನ ಸಹಕಾರಿ ಬ್ಯಾಂಕಿನಲ್ಲಿ. ಅದಕ್ಕೆ ಸ್ವಿಫ್ಟ್ ಕೋಡ್ ಇಲ್ಲವಂತೆ.

ಉತ್ತರ 1
ಹಾಗಿದ್ದರೆ ಅಲ್ಲಿಗೆ ನೇರವಾಗಿ ಕಳಿಸಲು ಹೋಗಬೇಡಿ. ದೊಡ್ಡ ಬ್ಯಾಂಕೊಂದರ ಮೂಲಕ ತರಿಸಿಕೊಡುವ ಸಹಕಾರಿ ಬ್ಯಾಂಕುಗಳಿವೆ, ಆದರೆ ಆ ವಿವರವನ್ನು ಅವರಿಂದ ಲಿಖಿತವಾಗಿಯೇ ತರಿಸಿಕೊಳ್ಳಬೇಕು. ಅದಕ್ಕಿಂತ ಅಮ್ಮನ ಖಾತೆಗೇ ಕಳಿಸಿ, ಅಲ್ಲಿಂದ ಅಣ್ಣನಿಗೆ ನೆಫ್ಟ್ ಮಾಡಿಸಿ. ಆಗ ಬೇಕಾಗುವುದು ಐಎಫ್‌ಎಸ್‌ಸಿ ಮಾತ್ರ.