ನಾಲ್ಕು ಜನ, ಏಳು ವಡೆ

ಈ ರಗಳೆಗೆಲ್ಲ ಕಾರಣ ನಾನೇ, ಒಪ್ಪಿಕೊಳ್ಳುತ್ತೇನೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಹೋಟೆಲಿನಲ್ಲಿ ಸೇರೋಣ ಅಂದವನು ಏಳೂವರೆಗೆ ಹೋಗಿ ಮುಟ್ಟಿದೆ. ಮೂವರೂ ಬಂದು ಕೂತಿದ್ದರು. ಕಿಟಕಿ ಪಕ್ಕದ ನನ್ನ ಕುರ್ಚಿಯಲ್ಲಿ ವಕೀಲ. "ಏಳು" ಅಂದೆ. ಅದೇ ಹೊತ್ತಿಗೆ ಸಪ್ಲೈಯರ್ ಹುಡುಗ ನನ್ನ ಬೆನ್ನ ಹಿಂದೆ ನಿಂತು "ವಡೆ ಎಷ್ಟು ಸಾರ್?" ಅಂತ ಕೇಳಿದ್ದನಂತೆ. ನನಗೆ ಅವನ ಮಾತು ಕೇಳಿಸಲಿಲ್ಲ. ಅವನಿಗೆ ನನ್ನದು ಕೇಳಿಸಿತ್ತು.

ಐದು ನಿಮಿಷಕ್ಕೆ ಏಳು ಉದ್ದಿನ ವಡೆ ಬಂದು ಕೂತವು.

"ನಾಲ್ಕು ಜನಕ್ಕೆ ಏಳು. ತಲೆಗೆ ಒಂದೂಮುಕ್ಕಾಲು" ಅಂದರು ಮೇಷ್ಟ್ರು. ಗಣಿತದ ಮೇಷ್ಟ್ರು. ನಿವೃತ್ತಿ ಆಗಿರುವುದು ಸಂಬಳ ಮಾತ್ರ. "ಏಳು ಯಾರ ಮಾತೂ ಕೇಳೋ ಸಂಖ್ಯೆ ಅಲ್ಲ ಕಣ್ರೋ. ಒಂದನ್ನ ಏಳರಿಂದ ಭಾಗಿಸಿ ನೋಡಿ. ಚುಕ್ಕಿ ಆದಮೇಲೆ 142857 ಬರುತ್ತೆ. ಮತ್ತೆ 142857. ಮತ್ತೂ ಅದೇ. ಮುಗಿಯೋದೇ ಇಲ್ಲ, ನಮ್ಮ ವಕೀಲರ ವಾದದ ಹಾಗೆ. ಮಗ್ಗೀಲೂ ಅಷ್ಟೇ. ಲೋ ಹಡಗಲಿ, ಏಳೆಂಟ್ಲ ಎಷ್ಟು?"

ಹೂವಿನಹಡಗಲಿಯಿಂದ ಬಂದು ಮೂವತ್ತು ವರ್ಷವಾದರೂ ನಮ್ಮ ಗೆಳೆಯನಿಗೆ ಊರೇ ಹೆಸರು. ಅವನು ವಡೆ ಅಗಿಯುತ್ತಾ ಮೇಲೆ ನೋಡಿದ. "ಐವತ್ತ... ನಾಲ್ಕು?"

"ಅದು ಒಂಬತ್ತಾರ್ಲ!"

"ಮಗ್ಗಿ ಇರ್ಲಿ ಮೇಷ್ಟ್ರೇ, ಇವನು ಅರ್ಧ ಗಂಟೆ ಲೇಟು. ಅದನ್ನ ಮೊದಲು ವಿಚಾರಿಸಿ" ಅಂದ ವಕೀಲ.

ಇದ್ದದ್ದು ಇದ್ದ ಹಾಗೆ ಹೇಳಿದೆ. ಬೆಳಿಗ್ಗೆ ಅಮ್ಮ "ಏಳು" ಅಂದರು. "ಗಂಟೆ ಎಷ್ಟಮ್ಮ?" ಅಂದೆ. "ಏಳು" ಅಂದರು. ಅದು ಗಂಟೆಯೋ, ಬೈಗುಳವೋ ತೀರ್ಮಾನ ಮಾಡುವಷ್ಟರಲ್ಲಿ ಮತ್ತೆ ನಿದ್ದೆ ಬಂತು.

"ಸಂಶಯದ ಲಾಭ ಆರೋಪಿಗೆ" ಅಂತ ವಕೀಲ ಕೈ ಎತ್ತಿಬಿಟ್ಟ. "ಕನ್ನಡದ ತಪ್ಪು, ಇವನದಲ್ಲ. ಬೇರೆ ಯಾವ ಸಂಖ್ಯೆ ಹೀಗೆ ಆರ್ಡರ್ ಮಾಡುತ್ತೆ ಹೇಳಿ?"

"ಆರು" ಅಂದರು ಮೇಷ್ಟ್ರು. "ನಿನ್ನ ಕಾಫಿ ಆರ್ತಾ ಇದೆ, ಕುಡಿ."

ಹಡಗಲಿಗೆ ಹುರುಪು ಬಂತು. "ನಮ್ಮ ಬಳ್ಳಾರಿ ಕಡೆ ತೆಲುಗೂ ಐತಲ್ರೀ. ತೆಲುಗಿನಾಗ ಏಳಕ್ಕ ಏಡು ಅಂತಾರ. ಅಳು ಅನ್ನಾಕೂ ಏಡು ಅಂತಾರ. ನಮಗ ಎದ್ದೇಳು ಅಂತೈತಿ, ಅವರಿಗೆ ಅಳು ಅಂತೈತಿ. ಸೋಮವಾರ ಮುಂಜಾನೆ ಎರಡೂ ಒಂದ."

ಅಷ್ಟರಲ್ಲಿ ತಲಾ ಒಂದೊಂದು ವಡೆ ಮುಗಿದಿತ್ತು. ತಟ್ಟೆಯಲ್ಲಿ ಮೂರು. ಯಾರೂ ಕೈ ಹಾಕುತ್ತಿಲ್ಲ, ಯಾರೂ ಕಣ್ಣು ತೆಗೆಯುತ್ತಿಲ್ಲ.

ವಕೀಲ ಮಾತು ಮದುವೆಗೆ ತಿರುಗಿಸಿದ. 1955ರ ಹಿಂದೂ ವಿವಾಹ ಕಾಯ್ದೆ, ಅದರಲ್ಲಿ ಸಪ್ತಪದಿಯ ವಿಷಯ ಬರುವುದು ಎಷ್ಟನೇ ಸೆಕ್ಷನ್? ಏಳನೆಯದು! ಸಪ್ತಪದಿ ಇರುವ ಶಾಸ್ತ್ರದಲ್ಲಿ ಏಳನೇ ಹೆಜ್ಜೆ ಇಟ್ಟಾಗಲೇ ಮದುವೆ ಪೂರ್ತಿ ಆದಂತೆ ಅಂತ ಬರೆದಿದೆಯಂತೆ. "ಅಂದ್ರೆ ಆರನೇ ಹೆಜ್ಜೆವರೆಗೂ ಬಾಗಿಲು ತೆರೆದಿತ್ತು. ನಮಗೆ ಯಾರೂ ಹೇಳಲೇ ಇಲ್ಲ."

ನನಗೆ ಒಂದು ಹಳೆಯ ಭಯ ನೆನಪಾಯಿತು. ನಮ್ಮ ಮದುವೆಯಲ್ಲಿ ಮೂರನೇ ಹೆಜ್ಜೆಗೆ ಫೋಟೋಗ್ರಾಫರ್ "ಸಾರ್, ಲೈಟ್ ಬಂದಿಲ್ಲ, ಇನ್ನೊಂದ್ಸಲ" ಅಂದಿದ್ದ. ಹಿಂದೆ ಬಂದೆವು. ಐದನೇ ಹೆಜ್ಜೆಗೆ ಸೋದರತ್ತೆಯ ತಲೆ ಅಡ್ಡ ಬಂತು, ಮತ್ತೆ ಹಿಂದೆ. ಒಟ್ಟು ಒಂಬತ್ತು ಹೆಜ್ಜೆ ಮುಂದೆ, ಎರಡು ಹಿಂದೆ. ನಾನು ಮದುವೆಯಾದವನೋ ಅಲ್ಲವೋ?

"ಒಂಬತ್ತರಲ್ಲಿ ಎರಡು ಕಳೆದರೆ ಏಳು" ಅಂದರು ಮೇಷ್ಟ್ರು. "ಸರಿಯಾಗಿ ಆಗಿದೆ."

"ಅಪೀಲು ಹೋಗೋಕೂ ಜಾಗ ಇಲ್ಲ" ಅಂತ ವಕೀಲ ಫೀಸು ತೆಗೆದುಕೊಳ್ಳುವವನ ಹಾಗೆ ಒಂದು ವಡೆ ಎತ್ತಿಕೊಂಡ.

ಬಿಲ್ ಯಾರು ಕೊಡಬೇಕು ಅನ್ನುವ ಮಾತು ಇಲ್ಲೇ ಎದ್ದದ್ದು. ಮೇಷ್ಟ್ರು ಅದಕ್ಕೂ ಲೆಕ್ಕ ತೆಗೆದರು. ಶನಿ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ. ರಾಶಿ ಹನ್ನೆರಡು. ಅಲ್ಲಿಗೆ ಒಂದೊಂದು ರಾಶಿಯಲ್ಲಿ ಹೆಚ್ಚುಕಮ್ಮಿ ಎರಡೂವರೆ ವರ್ಷ ಕೂರುತ್ತಾನೆ. ನಮ್ಮ ರಾಶಿ, ಅದರ ಹಿಂದಿನದು, ಮುಂದಿನದು, ಮೂರೂ ಸೇರಿದರೆ ಏಳೂವರೆ. ಅದೇ ಏಳರಾಟ. "ಯಾವಾಗ ನೋಡಿದರೂ ಹನ್ನೆರಡರಲ್ಲಿ ಮೂರು ರಾಶಿಗೆ ಶನಿಕಾಟ ಇದ್ದೇ ಇರುತ್ತೆ. ಅಂದ್ರೆ ಕಾಲು ಭಾಗ. ನಾವು ನಾಲ್ಕು ಜನ. ಸರಾಸರಿ ಒಬ್ಬನಿಗೆ ಈಗ ಏಳರಾಟ ನಡೀತಿರಬೇಕು. ಹೇಗಿದ್ರೂ ಅವನಿಗೆ ದುಡ್ಡು ಹೋಗೋದೇ. ಅವನೇ ಕೊಡಲಿ."

ಆ ಕ್ಷಣದಿಂದ ನಾಲ್ವರಿಗೂ ತಂತಮ್ಮ ರಾಶಿ ಮರೆತುಹೋಯಿತು.

ಮಾತು ತಪ್ಪಿಸಲು ಹಡಗಲಿ ತನ್ನ ಮೈಲಾರದ ಜಾತ್ರೆ ಹಿಡಿದ. ಗೊರವಯ್ಯ ಬಿಲ್ಲು ಏರುವುದು, ಜನ ಉಸಿರು ಬಿಗಿ ಹಿಡಿಯುವುದು, ಅವನು "ಸದ್ದಲೇ!" ಅಂದರೆ ಇಡೀ ಬಯಲು ಗಪ್‌ಚಿಪ್ ಆಗುವುದು, ಕಾರಣಿಕದ, ಅಂದರೆ ಭವಿಷ್ಯವಾಣಿಯ, ಒಂದೇ ಸಾಲು ಹೇಳಿ ಅಲ್ಲಿಂದ ಕೆಳಕ್ಕೆ ಬೀಳುವುದು. ಮಣಿಕಾಸುರ, ಮಲ್ಲಾಸುರರನ್ನು ಹೊಡೆಯಲು ಮೈಲಾರಲಿಂಗ ಕಟ್ಟಿಕೊಂಡು ಬಂದ ದಂಡು ಏಳು ಕೋಟಿ ಅಂತ ಭಕ್ತರ ನಂಬಿಕೆ. ಹೇಳುತ್ತಾ ಹೇಳುತ್ತಾ ಅವನು ಎದ್ದೇ ನಿಂತ. "ಏಳು ಕೋಟಿ, ಏಳು ಕೋಟಿಗೋ... ಚಾಂಗಮಲೋ!"

ಹೋಟೆಲಿಗೆ ಹೋಟೆಲೇ ತಿರುಗಿ ನೋಡಿತು. ಸಪ್ಲೈಯರ್ ಹುಡುಗ ಅಡುಗೆಮನೆ ಬಾಗಿಲಿನಿಂದ ಗಾಬರಿಯಾಗಿ ಇಣುಕಿದ. "ವಡೆ ಅಲ್ಲಪ್ಪ" ಅಂದೆ.

"ಮಹಾರಾಷ್ಟ್ರದ ಜೇಜುರಿಗೆ ಹೋಗ್ರಿ, ಅಲ್ಲೂ 'ಯಳಕೋಟ ಯಳಕೋಟ ಜಯ ಮಲ್ಹಾರ' ಅಂತಾರ. ಆ ಯಳಕೋಟ ನಮ್ಮ ಏಳು ಕೋಟಿನ. ಭಂಡಾರ ಎರಚೋದೂ ಹಂಗ. ಗಡಿ ಅದೂ ಇದೂ ಅಂತ ಜಗಳ ಆಡೋರು ಅಲ್ಲಿ ಅರಿಶಿಣ ಬಳಕೊಂಡು ಕನ್ನಡ ಕೂಗ್ತಾರ."

"2011ರ ಜನಗಣತೀಲಿ ಕರ್ನಾಟಕದ ಜನ 6.11 ಕೋಟಿ" ಅಂತ ಮೇಷ್ಟ್ರು ಸೇರಿಸಿದರು. "ವೇದಿಕೆ ಹತ್ತಿದವರೆಲ್ಲ ಈಗ ಏಳು ಕೋಟಿ ಕನ್ನಡಿಗರೇ ಅಂತಾರೆ. ಮೈಲಾರಪ್ಪ ಮೊದಲೇ ಎಣಿಸಿಟ್ಟಿದ್ದ."

ಕೂಗಿದ ದಣಿವಿಗೆ ಹಡಗಲಿ ಇನ್ನೊಂದು ವಡೆ ಖಾಲಿ ಮಾಡಿದ. ಉಳಿದದ್ದು ಒಂದೇ. ಏಳನೆಯದು.

ಏಳು ಸುತ್ತಿನ ಕೋಟೆ, ಏಳು ಸುತ್ತಿನ ಮಲ್ಲಿಗೆ, ಲಗೋರಿಯ ಏಳು ಕಲ್ಲು, ಅಳಗುಳಿಮಣೆಯಲ್ಲಿ ಆಚೆ ಏಳು ಈಚೆ ಏಳು ಗುಳಿ, ಎಲ್ಲವೂ ಬಂದು ಹೋದವು. ನಾನು ಮಾತ್ರ ರಥಸಪ್ತಮಿ ಹೇಳದೆ ಬಿಡಲಿಲ್ಲ. ಸೂರ್ಯನ ರಥಕ್ಕೆ ಏಳು ಕುದುರೆ, ಸ್ನಾನಕ್ಕೆ ಏಳು ಎಕ್ಕದ ಎಲೆ. ನಮ್ಮ ಮನೆ ಪದ್ಧತಿಯಲ್ಲಿ ತಲೆಗೆ ಒಂದು, ಭುಜಕ್ಕೆ ಎರಡು, ಮಂಡಿಗೆ ಎರಡು, ಪಾದಕ್ಕೆ ಎರಡು. ಹಿಂದೆ ಅಜ್ಜಿ ತಾಮ್ರದ ಚೊಂಬಿನಲ್ಲಿ ನಿಧಾನವಾಗಿ ಹೊಯ್ಯುತ್ತಿದ್ದರು, ಎಲೆ ಅಲ್ಲಾಡುತ್ತಿರಲಿಲ್ಲ. ಈಗ ಅಪಾರ್ಟ್‌ಮೆಂಟಿನ ಶವರ್. ತಲೆಯ ಎಲೆ ಮೊದಲ ಹೊಡೆತಕ್ಕೇ ಜಾರಿತು. ಅದನ್ನು ಹಿಡಿಯಲು ಬಗ್ಗಿದೆ, ಭುಜದ ಎರಡೂ ಹೋದವು. ಮಂಡಿಯವನ್ನು ಒತ್ತಿ ಹಿಡಿದು ಕೊಕ್ಕರೆಯ ಹಾಗೆ ನಿಂತೆ. ಏಳೂ ಎಲೆ ಹೋಗಿ ಬಚ್ಚಲ ಜಾಲರಿಗೆ ಅಂಟಿಕೊಂಡು ನೀರು ಕಣಕಾಲಿನವರೆಗೆ ಏರಿತು.

"ನದೀಲಿ ಸ್ನಾನ ಮಾಡಿದ ಪುಣ್ಯ, ಮನೆಗೇ ಬಂತು" ಅಂದ ವಕೀಲ.

ಕಿಟಕಿಯಾಚೆ ಬೇಲಿಯ ಬುಡದಲ್ಲಿ ಹರಟೆಮಲ್ಲ ಹಕ್ಕಿಗಳ ಗುಂಪೊಂದು ಗಲಾಟೆ ಎಬ್ಬಿಸಿತ್ತು. ಯಾವಾಗಲೂ ಆರೇಳು ಒಟ್ಟಿಗೇ ಕುಪ್ಪಳಿಸುವ ಮಣ್ಣುಬಣ್ಣದ ಹಕ್ಕಿ. ಹಿಂದಿಯವರು ಸಾತ್ ಭಾಯಿ ಅನ್ನುತ್ತಾರೆ, ಇಂಗ್ಲಿಷಿನವರು ಸೆವೆನ್ ಸಿಸ್ಟರ್ಸ್. ಅವರು ತಲೆ ಎಣಿಸಿ ಹೆಸರಿಟ್ಟರು, ನಾವು ಮಾತು ಕೇಳಿಸಿಕೊಂಡು ಇಟ್ಟೆವು. ಹಡಗಲಿ ಎಣಿಸಿದ. ಆರೇ ಇದ್ದವು. ಮೂವರೂ ನನ್ನ ಮುಖ ಯಾಕೆ ನೋಡಿದರೋ ಗೊತ್ತಿಲ್ಲ.

ಅಷ್ಟರಲ್ಲಿ ಹುಡುಗ ಮೇಜು ಒರೆಸುವ ಬಟ್ಟೆ ಹಿಡಿದು ಬಂದ. ಬಾಗಿಲಲ್ಲಿ ಜನ ಕಾಯುತ್ತಿದ್ದರು. ತಲೆ ಕೆರೆದುಕೊಂಡು ಮೆಲ್ಲಗೆ ಕೇಳಿದ, "ಸಾರ್, ಏಳ್ತೀರಾ?"

"ಇನ್ನೂ ಏಳಾ?" ಮೇಷ್ಟ್ರು ತಟ್ಟೆ ಅವನ ಕಡೆ ತಳ್ಳಿದರು. "ಮೊದಲಿಂದೇ ಒಂದು ಉಳಿದಿದೆ ಕಣಪ್ಪ."