ಯಾಕ್-52: ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸುವಾಗ ಗಟ್ಟಿಯಾಗಿ ನಿಂತುಬಿಟ್ಟಿದೆ, ಏನು ಮಾಡಲಿ?

ಹುಲ್ಲು ರನ್‌ವೇ (ನಾರ್ಫಕ್, ಇಂಗ್ಲೆಂಡ್)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಬೇಗ ಯಾರಾದರೂ ಉತ್ತರ ಕೊಟ್ಟರೆ ಉಪಕಾರ. ಹ್ಯಾಂಗರ್‌ನಲ್ಲೇ ನಿಂತು ಬರೆಯುತ್ತಿದ್ದೇನೆ.

ನಾವು ಐದು ಜನ ಸೇರಿ ಒಂದು ಹಳೆಯ ಯಾಕ್-52 ತರಬೇತಿ ವಿಮಾನ ಇಟ್ಟುಕೊಂಡಿದ್ದೇವೆ. ರೊಮೇನಿಯಾದ ಬಕಾವ್‌ನಲ್ಲಿ 1987ರಲ್ಲಿ ತಯಾರಾದದ್ದು. ಎಂಜಿನ್ ಎಂ-14ಪಿ. ಒಂಬತ್ತು ಸಿಲಿಂಡರ್‌ಗಳ ರೇಡಿಯಲ್, 360 ಅಶ್ವಶಕ್ತಿ. ನನ್ನದು ಐದರಲ್ಲೊಂದು ಪಾಲು. ತಲೆನೋವು ಮಾತ್ರ ಪೂರ್ತಿ ನನ್ನದೇ.

ಆರು ವಾರದಿಂದ ಮಳೆ, ವಿಮಾನ ಹೊರಗೆ ಬಂದಿರಲಿಲ್ಲ. ಇವತ್ತು ಬಿಸಿಲು ಕಂಡು ಓಡಿ ಬಂದೆ. ಮ್ಯಾಗ್ನೆಟೊ (ಪ್ಲಗ್‌ಗಳಿಗೆ ಕಿಡಿ ಕೊಡುವ ಸಾಧನ) ಸ್ವಿಚ್ ಆಫ್ ಇದೆ, ಥ್ರಾಟಲ್ ಮುಚ್ಚಿದೆ, ಚಕ್ರಕ್ಕೆ ಅಡ್ಡ ಇಟ್ಟಿದ್ದೇನೆ. ಸ್ಟಾರ್ಟ್ ಮಾಡುವ ಮೊದಲು ಎಂದಿನಂತೆ ಪ್ರೊಪೆಲ್ಲರ್ ಎಳೆಯತೊಡಗಿದೆ. ಮೊದಲನೇ ಬ್ಲೇಡ್ ಮಾಮೂಲಿ ಬಂತು. ಬಿಗಿಯಾಯಿತು, ಆಮೇಲೆ ಫುಸ್ ಅಂತ ಸಡಿಲವಾಯಿತು. ಎರಡನೆಯದು ಅರ್ಧದಲ್ಲೇ ನಿಂತಿತು. ಕಂಪ್ರೆಶನ್ ಬಿಗಿ, ಅಂದರೆ ಸಿಲಿಂಡರ್‌ನಲ್ಲಿ ಗಾಳಿ ಒತ್ತಿದಾಗಿನ ಬಿಗಿ, ಹೇಗಿರುತ್ತದೆ ಅಂತ ನನಗೆ ಗೊತ್ತು, ಒತ್ತಿದರೆ ರಬ್ಬರಿನ ಹಾಗೆ ಸ್ವಲ್ಪ ಬಿಟ್ಟುಕೊಡುತ್ತದೆ. ಇದು ಗೋಡೆ ನೂಕಿದ ಹಾಗಿದೆ.

ಪಾಲುದಾರರಲ್ಲಿ ಒಬ್ಬ ಪಕ್ಕದಲ್ಲೇ ಇದ್ದಾನೆ. "ಸ್ವಲ್ಪ ಹಿಂದಕ್ಕೆ ತಿರುಗಿಸು, ಸಡಿಲ ಆಗುತ್ತದೆ. ಆಮೇಲೆ ಗಾಳಿ ಬಿಟ್ಟು ಸ್ಟಾರ್ಟ್ ಮಾಡು, ಹೊಗೆ ಬಂದು ಎಲ್ಲ ಸರಿಹೋಗುತ್ತದೆ" ಅನ್ನುತ್ತಿದ್ದಾನೆ. ಅವನಿಗೆ ನನಗಿಂತ ಜಾಸ್ತಿ ಅನುಭವ ಇದೆ. ಆದರೂ ಯಾಕೋ ಮನಸ್ಸು ಒಪ್ಪುತ್ತಿಲ್ಲ.

ನಿವೃತ್ತ ಫಿಟ್ಟರ್ (ಹಾಸನ)

ಕೈ ತೆಗಿ ತಮ್ಮಾ. ಮುಂದಕ್ಕೂ ಬೇಡ, ಹಿಂದಕ್ಕೂ ಬೇಡ. ಆ ಸ್ನೇಹಿತನನ್ನು ಟೀ ಕುಡಿಯಲು ಕಳಿಸು. ಮೊದಲು ಎಂಜಿನ್ ಸ್ಟಾರ್ಟ್ ಮಾಡುವ ಒತ್ತಿಟ್ಟ ಗಾಳಿಯ ಬಾಟಲಿಯ ವಾಲ್ವ್ ಮುಚ್ಚು.

ಇದು ಹೈಡ್ರಾಲಿಕ್ ಲಾಕ್. ಕೆಳಗಿನ ಯಾವುದೋ ಸಿಲಿಂಡರ್‌ನಲ್ಲಿ ಆಯಿಲ್ ತುಂಬಿದೆ. ಗಾಳಿಯನ್ನು ಒತ್ತಬಹುದು, ಎಣ್ಣೆಯನ್ನು ಒತ್ತಲಾಗದು. ಎರಡೂ ವಾಲ್ವ್ ಮುಚ್ಚಿದ ಮೇಲೆ ಪಿಸ್ಟನ್ ಮೇಲೇರಲು ಜಾಗ ಇಲ್ಲ. ನೀನು ಗೋಡೆ ಅಂದದ್ದು ಅದನ್ನೇ.

ಹಿಂದಕ್ಕೆ ತಿರುಗಿಸಿದರೆ ಏನಾಗುತ್ತದೆ ಗೊತ್ತಾ? ಆಗ ಗಾಳಿ-ಪೆಟ್ರೋಲ್ ಒಳಗೆ ಬರುವ ಇನ್‌ಟೇಕ್ ವಾಲ್ವ್ ತೆರೆಯುತ್ತದೆ, ಎಣ್ಣೆ ಇನ್‌ಟೇಕ್ ಪೈಪಿಗೆ ಹೋಗುತ್ತದೆ. ಪ್ರೊಪೆಲ್ಲರ್ ಆರಾಮಾಗಿ ತಿರುಗುತ್ತದೆ, ಸರಿಹೋಯಿತು ಅಂದುಕೊಳ್ಳುತ್ತೀಯ. ಎಣ್ಣೆ ಎಲ್ಲೂ ಹೋಗಿಲ್ಲ, ಪೈಪಿನಲ್ಲಿ ಕಾಯುತ್ತಾ ಕುಳಿತಿದೆ. ಎಂಜಿನ್ ಸ್ಟಾರ್ಟ್ ಆದ ಕೂಡಲೇ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಆಗ ತಿರುಗಿಸುತ್ತಿರುವುದು ನಿನ್ನ ಕೈಯಲ್ಲ, ಉಳಿದ ಎಂಟು ಸಿಲಿಂಡರ್‌ಗಳು.

ಈಗ ಮಾಡಬೇಕಾದದ್ದು: ಕೆಳಗಿನ ನಾಲ್ಕು ಸಿಲಿಂಡರ್, ಅಂದರೆ 4, 5, 6, 7, ಇವುಗಳಿಂದ ಒಂದೊಂದು ಪ್ಲಗ್ ಬಿಚ್ಚು. ಕೆಳಗೆ ಪಾತ್ರೆ ಇಡು, ಬಂದದ್ದನ್ನು ಅಳೆ. ಆಮೇಲೆ ಪ್ರೊಪೆಲ್ಲರನ್ನು ನಿಧಾನಕ್ಕೆ, ಓಡುವ ದಿಕ್ಕಿಗೇ ತಿರುಗಿಸು. ಮುಂದೆ ನಿಂತು ನೋಡಿದರೆ ಗಡಿಯಾರದ ಮುಳ್ಳಿಗೆ ಎದುರಾಗಿ.

ಎಣ್ಣೆ ಕೈ (ಬೆಂಗಳೂರು)

ಸರ್, ಒಂದು ನಿಮಿಷ. ನೀವು ಹೇಳಿದ ದಿಕ್ಕು ಅಮೆರಿಕದ ಎಂಜಿನ್‌ಗಳದ್ದು. ಎಂ-14ಪಿ ಉಲ್ಟಾ ಓಡುತ್ತದೆ, ಕಾಕ್‌ಪಿಟ್‌ನಿಂದ ನೋಡಿದರೆ ಎಡಕ್ಕೆ. ಅಂದರೆ ಮುಂದೆ ನಿಂತವರಿಗೆ ಗಡಿಯಾರದ ಮುಳ್ಳಿನ ದಿಕ್ಕು. ಹುಲ್ಲು ರನ್‌ವೇ ಅವರೇ, ದಯವಿಟ್ಟು ಗಮನಿಸಿ.

ನಿವೃತ್ತ ಫಿಟ್ಟರ್

ಹೌದು ಹೌದು. ತಪ್ಪಾಯಿತು. ಹಿಂದಕ್ಕೆ ತಿರುಗಿಸಬೇಡ ಅಂತ ಹೇಳಿ ನಾನೇ ಹಿಂದಕ್ಕೆ ತಿರುಗಿಸುತ್ತಿದ್ದೆ! ನಾನು ಕೈ ಆಡಿಸಿದ್ದು ಆಟರ್ ವಿಮಾನದ ಪ್ರಾಟ್ ಅಂಡ್ ವಿಟ್ನಿ ಮೇಲೆ. ಆರ್-1340, ಒಂಬತ್ತು ಸಿಲಿಂಡರ್, 600 ಅಶ್ವಶಕ್ತಿ. ಕೈಗೆ ಆ ದಿಕ್ಕೇ ಅಂಟಿಕೊಂಡಿದೆ. ಥ್ಯಾಂಕ್ಸ್ ಎಣ್ಣೆ ಕೈ.

ಹುಲ್ಲು ರನ್‌ವೇ

ಪ್ಲಗ್ ಬಿಚ್ಚುತ್ತಿದ್ದೇನೆ. ಸ್ನೇಹಿತ ಮುಖ ಊದಿಸಿಕೊಂಡು ಟೀ ತರಲು ಹೋದ.

ಒಂಬತ್ತನೇ ಸಿಲಿಂಡರ್ (ದಾವಣಗೆರೆ, ವಿದ್ಯಾರ್ಥಿ)

ನಾನು ಮೆಕ್ಯಾನಿಕಲ್ ಓದುತ್ತಿದ್ದೇನೆ, ರೇಡಿಯಲ್ ಎಂಜಿನ್ ಕಣ್ಣಾರೆ ನೋಡಿಲ್ಲ. ಎಷ್ಟು ಎಣ್ಣೆ ಇದ್ದರೆ ಲಾಕ್ ಆಗುತ್ತದೆ ಅಂತ ಲೆಕ್ಕ ಹಾಕಿದೆ, ತಪ್ಪಿದ್ದರೆ ತಿದ್ದಿ. ಎಂಜಿನ್‌ನ ಸಾಮರ್ಥ್ಯ (ಪಿಸ್ಟನ್‌ಗಳು ಓಡಾಡುವ ಜಾಗ) ಒಟ್ಟು 10.16 ಲೀಟರ್, ಒಂಬತ್ತರಿಂದ ಭಾಗಿಸಿದರೆ ಸಿಲಿಂಡರ್‌ಗೆ ಸುಮಾರು 1.13 ಲೀಟರ್. ಕಂಪ್ರೆಶನ್ 6.3ಕ್ಕೆ 1. ಹಾಗಾದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 210 ಮಿಲಿ. ಅಂದರೆ ಒಂದು ದೊಡ್ಡ ಲೋಟ ಎಣ್ಣೆ ಸಾಕು!

ಇನ್ನೊಂದು ಸಂದೇಹ. ಎಣ್ಣೆ ಕೆಳಗಿನ ಸಿಲಿಂಡರ್‌ಗೇ ಹೇಗೆ ಹೋಗುತ್ತದೆ? ಮತ್ತೆ, ಬೈಯಬೇಡಿ, ಇಷ್ಟೆಲ್ಲ ರಗಳೆ ಇರುವ ಎಂಜಿನ್ ಇಟ್ಟುಕೊಳ್ಳುವುದಾದರೂ ಯಾಕೆ?

ಎಣ್ಣೆ ಕೈ

ಲೆಕ್ಕ ಸರಿಯಾಗಿದೆ ತಮ್ಮ. ಮೊದಲನೇ ಸಂದೇಹಕ್ಕೆ ನಾನು ಹೇಳುತ್ತೇನೆ, ಎರಡನೆಯದು ಫಿಟ್ಟರ್ ಸರ್‌ಗೆ ಬಿಟ್ಟಿದ್ದು.

ರೇಡಿಯಲ್ ಅಂದರೆ ಸಿಲಿಂಡರ್‌ಗಳು ನಡುವಿನ ಕ್ರ್ಯಾಂಕ್‌ಕೇಸ್ (ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡದ ಪೆಟ್ಟಿಗೆ) ಸುತ್ತ ಸೂರ್ಯಕಾಂತಿ ದಳದ ಹಾಗೆ ನಿಂತಿರುತ್ತವೆ. ಮೇಲಿನವು ನೆಟ್ಟಗೆ, ಕೆಳಗಿನವು ತಲೆಕೆಳಗೆ. ಕಾರಿನ ಎಂಜಿನ್‌ನಲ್ಲಿ ಆಯಿಲ್ ಸೋರಿದರೆ ಕೆಳಗಿನ ಎಣ್ಣೆ ತೊಟ್ಟಿಗೆ ಬರುತ್ತದೆ. ಇಲ್ಲಿ ಸಿಲಿಂಡರ್‌ಗಳೇ ಕೆಳಗಿವೆ! ಯಾಕ್-52ರಲ್ಲಿ ಆಯಿಲ್ ಟ್ಯಾಂಕ್ ಬೇರೆ ಎತ್ತರದಲ್ಲಿದೆ. ವಾರಗಟ್ಟಲೆ ನಿಂತರೆ ಪಂಪು ದಾಟಿ ಹನಿಹನಿಯಾಗಿ ಇಳಿದು ಕ್ರ್ಯಾಂಕ್‌ಕೇಸ್ ಸೇರುತ್ತದೆ. ಅಲ್ಲಿಂದ ಪಿಸ್ಟನ್ ರಿಂಗ್ ಸಂದಿಯಲ್ಲಿ ನುಸುಳಿ ಸಿಲಿಂಡರ್ ತಲೆಯಲ್ಲಿ ನಿಲ್ಲುತ್ತದೆ.

ನಂದು ಬರೀ ಮಾಡೆಲ್ ವಿಮಾನ, ಮೂರು ಸಿಲಿಂಡರ್‌ನ ಸೈಟೋ ರೇಡಿಯಲ್. ಅಂಗೈ ಮೇಲೆ ಕೂರುತ್ತದೆ, ಬುದ್ಧಿ ಮಾತ್ರ ದೊಡ್ಡಣ್ಣನದೇ. ಹಾರಿಸಿ ಮನೆಗೆ ಬಂದ ಮೇಲೆ ಕೆಳಗಿನ ಪ್ಲಗ್ ಬಿಚ್ಚಿ ಬಸಿಯದಿದ್ದರೆ ಮುಂದಿನ ಭಾನುವಾರ ಸ್ಟಾರ್ಟ್ ಆಗುವುದಿಲ್ಲ. ಊಟದ ಮೇಜಿನ ಮೇಲೆ ಬಸಿದು ಒಮ್ಮೆ ಬೈಸಿಕೊಂಡಿದ್ದೇನೆ, ಅದು ಬೇರೆ ಕಥೆ.

ಹುಲ್ಲು ರನ್‌ವೇ

ಬಂತು! 4 ಮತ್ತು 7 ಬಹುಪಾಲು ಒಣಗಿವೆ. 6ರಲ್ಲಿ ಎರಡು ಚಮಚ. 5ರ ಪ್ಲಗ್ ಸಡಿಲ ಮಾಡುತ್ತಿದ್ದಂತೆ ಕಪ್ಪನೆ ಎಣ್ಣೆ ಧಾರೆಯಾಗಿ ಮೊಣಕೈವರೆಗೆ ಇಳಿಯಿತು. ಅಳತೆ ಜಗ್‌ನಲ್ಲಿ 240 ಮಿಲಿ, ತೋಳಿನ ಮೇಲಿನದು ಲೆಕ್ಕಕ್ಕಿಲ್ಲ. ದಾವಣಗೆರೆಯ ತಮ್ಮನ ಲೆಕ್ಕ ನೋಡಿ ಬೆವರು ಬಂತು.

ಈಗ ಪ್ರೊಪೆಲ್ಲರ್ ತಿರುಗುತ್ತಿದೆ. ಪ್ಲಗ್ ಹಾಕಿ ಸ್ಟಾರ್ಟ್ ಮಾಡಬಹುದಾ?

ನಿವೃತ್ತ ಫಿಟ್ಟರ್

ಅವಸರ ಬೇಡ. ಸಿಲಿಂಡರ್ ಖಾಲಿಯಾಗಿದೆ, ಪೈಪು ನೋಡಿಲ್ಲ. ಕೆಳಗಿನ ಇನ್‌ಟೇಕ್ ಪೈಪುಗಳಿಗೆ ಡ್ರೈನ್ ಇದ್ದರೆ ತೆರೆ. ಇಲ್ಲದಿದ್ದರೆ ಪ್ಲಗ್ ಹೊರಗಿಟ್ಟೇ ಇನ್ನೂ ಹತ್ತಾರು ಬ್ಲೇಡ್ ಎಳೆ, ಬಟ್ಟೆ ಹಿಡಿದು ನೋಡು. ಏನೂ ಬರದ ತನಕ ಬಿಡಬೇಡ. ನಿನ್ನದು ಗಿಯರ್ ಇರುವ ಎಂಜಿನ್ ಅಲ್ವಾ? ಕ್ರ್ಯಾಂಕ್ ಎರಡು ಸುತ್ತು ಹಾಕಬೇಕಾದರೆ ಪ್ರೊಪೆಲ್ಲರ್ ಎಷ್ಟು ತಿರುಗಬೇಕು?

ಒಂಬತ್ತನೇ ಸಿಲಿಂಡರ್

ಸರ್, ಗಿಯರ್ ಅನುಪಾತ 0.658. ಎರಡು ಸುತ್ತಿಗೆ ಪ್ರೊಪೆಲ್ಲರ್ 1.32 ಸುತ್ತು. ಎರಡು ಬ್ಲೇಡಿನದಾದರೆ ಮೂರು ಬ್ಲೇಡ್ ಎಳೆದರೆ ಒಂಬತ್ತೂ ಸಿಲಿಂಡರ್ ಒಮ್ಮೆ ಕಂಪ್ರೆಶನ್‌ಗೆ ಬಂದುಹೋಗುತ್ತವೆ.

ನಿವೃತ್ತ ಫಿಟ್ಟರ್

ಭೇಷ್. ಆದರೂ ಮೂರಕ್ಕೆ ನಿಲ್ಲಿಸಬೇಡಿ.

ಒಂದು ಹಳೆಯ ಸಂಗತಿ ಹೇಳಿಬಿಡುತ್ತೇನೆ. ಈಶಾನ್ಯದ ಕಡೆ ಇದ್ದಾಗ ಚಳಿಯ ಒಂದು ಬೆಳಿಗ್ಗೆ ನಮ್ಮ ಹುಡುಗನೊಬ್ಬ ಬ್ಲೇಡ್ ಎಣಿಸದೆಯೇ "ಆಯಿತು" ಅಂದ. ಸ್ಟಾರ್ಟರ್ ಒತ್ತಿದಾಗ ಧಡ್ ಅಂತ ಒಂದು ಸದ್ದು ಬಂತು, ಆಮೇಲೆ ಎಂಜಿನ್ ಚೆನ್ನಾಗಿಯೇ ಓಡಿತು. ಎಲ್ಲರೂ ಸುಮ್ಮನಾದರು. ಒಂದು ವಾರ ಹಾರಿತು. ಎಂಟನೇ ದಿನ ನೆಲದ ಮೇಲೆ ಪರೀಕ್ಷೆ ಮಾಡುವಾಗ ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್ ತುಂಡಾಗಿ ಕೇಸ್ ಒಡೆದು ಹೊರಗೆ ಬಂತು. ಪುಣ್ಯಕ್ಕೆ ನೆಲದ ಮೇಲೆ. ರಾಡ್ ಮೊದಲ ದಿನವೇ ಬಾಗಿತ್ತು. ಈ ರೋಗದ ಕೆಟ್ಟ ಗುಣ ಅದೇ, ಪೆಟ್ಟು ಇವತ್ತು, ಸಾವು ಮುಂದಿನ ವಾರ.

ಸ್ಟಾರ್ಟರ್ ಮೋಟರ್‌ಗೆ ಜಾರುವ ಕ್ಲಚ್ ಇದ್ದರೆ ಸ್ವಲ್ಪ ಕಾಪಾಡುತ್ತದೆ. ನಿನ್ನ ಎಂಜಿನ್‌ನಲ್ಲಿ ಒತ್ತಿಟ್ಟ ಗಾಳಿ ನೇರ ಸಿಲಿಂಡರ್‌ಗೇ ನುಗ್ಗುತ್ತದೆ. ಅದಕ್ಕೆ ಕರುಣೆ ಇಲ್ಲ. ನೀನು ಕೈಯಲ್ಲಿ ಮಾತ್ರ ತಿರುಗಿಸಿ, ಬಿಗಿ ಬಂದ ಕೂಡಲೇ ನಿಲ್ಲಿಸಿದ್ದೀಯ. ರಾಡ್‌ಗೆ ಏನೂ ಆಗಿರಲಾರದು. ಆದರೂ ನಿಮ್ಮ ಎಂಜಿನಿಯರ್‌ಗೆ ಹೇಳಿ ಲಾಗ್‌ನಲ್ಲಿ ಬರೆಸು. ಮುಚ್ಚಿಡಬೇಡ.

ಹುಲ್ಲು ರನ್‌ವೇ

ಎಂಜಿನಿಯರ್‌ಗೆ ಫೋನ್ ಮಾಡಿದೆ. ನಾಳೆ ಬರುತ್ತಾರೆ, ಅಲ್ಲಿಯವರೆಗೆ ಮುಟ್ಟಬೇಡಿ ಅಂದರು. ಇನ್‌ಟೇಕ್ ಪೈಪಿನಿಂದ ಇನ್ನೂ ಅರ್ಧ ಲೋಟ ಇಳಿಯಿತು, ಅದರಲ್ಲಿ ಪೆಟ್ರೋಲ್ ವಾಸನೆಯೂ ಇದೆ. ಹೋದ ಸಲ ಪ್ರೈಮರ್ (ಸ್ಟಾರ್ಟ್ ಮಾಡುವ ಮೊದಲು ಪೆಟ್ರೋಲ್ ಹಾಕುವ ಪಂಪು) ಜಾಸ್ತಿ ಒತ್ತಿದ್ದು ಯಾರೋ ಗೊತ್ತಿಲ್ಲ (ನಾನೇ).

ಟ್ಯಾಂಕಿನ ಕೆಳಗೆ ಒಂದು ಆಯಿಲ್ ಬಂದ್ ಮಾಡುವ ವಾಲ್ವ್ ಹಾಕಿಸಿದರೆ ಈ ಕಾಟವೇ ತಪ್ಪುತ್ತದಲ್ಲ?

ಎಣ್ಣೆ ಕೈ

ಹಾಕಿಸುವವರು ಇದ್ದಾರೆ. ತೆರೆಯಲು ಮರೆತು ಸ್ಟಾರ್ಟ್ ಮಾಡಿದವರೂ ಇದ್ದಾರೆ.

ನಿವೃತ್ತ ಫಿಟ್ಟರ್

ನನ್ನ ಮತ ಬೇಡ ಅಂತ. ಎಣ್ಣೆ ಜಾಸ್ತಿಯಾದರೆ ಲಾಕ್ ಆಗುತ್ತದೆ, ಕೈಗೆ ಗೊತ್ತಾಗುತ್ತದೆ. ಎಣ್ಣೆ ಇಲ್ಲದೆ ಓಡಿದರೆ ಯಾವ ಕೈಗೂ ಗೊತ್ತಾಗುವುದಿಲ್ಲ, ಬೇರಿಂಗ್ ಮುಗಿದಿರುತ್ತದೆ. ವಾಲ್ವ್ ಹಾಕಲೇಬೇಕು ಅಂದರೆ ಅದು ಮುಚ್ಚಿದ್ದಾಗ ಮ್ಯಾಗ್ನೆಟೊ ಆನ್ ಆಗದ ಹಾಗೆ ಸ್ವಿಚ್ ಜೋಡಿಸಬೇಕು. ಅದಕ್ಕಿಂತ ಇನ್‌ಟೇಕ್ ಪೈಪಿಗೆ ಡ್ರೈನ್ ಹಾಕಿಸು, ಹಾರಿ ಬಂದ ಮೇಲೆ ಕ್ರ್ಯಾಂಕ್‌ಕೇಸ್ ಬಸಿ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಹೋಗಿ ಬ್ಲೇಡ್ ಎಳೆ.

ಈಗ ಆ ಹುಡುಗನ ಪ್ರಶ್ನೆ. ಯಾಕೆ ಇಟ್ಟುಕೊಳ್ಳಬೇಕು?

ಆ ಕಾಲಕ್ಕೆ ಅದು ರಗಳೆಯ ಎಂಜಿನ್ ಅಲ್ಲಪ್ಪ, ರಗಳೆ ಕಡಿಮೆ ಮಾಡಿದ ಎಂಜಿನ್. ನೀರಿಲ್ಲ, ರೇಡಿಯೇಟರ್ ಇಲ್ಲ, ಎಲ್ಲ ಸಿಲಿಂಡರ್‌ಗೂ ಎದುರುಗಾಳಿ. ಕ್ರ್ಯಾಂಕ್ ಗಿಡ್ಡ, ಹಾಗಾಗಿ ತೂಕ ಕಡಿಮೆ. ಪ್ರಾಟ್ ಅಂಡ್ ವಿಟ್ನಿಯ ಮೊದಲ ವಾಸ್ಪ್ ಎಂಜಿನ್ ಓಡಿದ್ದು 1925ರ ಡಿಸೆಂಬರ್‌ನಲ್ಲಿ. ನಾನು ಆಟರ್ ಮೇಲೆ ತಿಕ್ಕಿ ಒರೆಸಿದ್ದು ಅದರ ವಂಶದ್ದೇ. ನಿಮ್ಮ ಬೆಂಗಳೂರಿನ ಎಚ್‌ಎಎಲ್‌ನವರು ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಗುಜರಿಯಾಗಿ ಬಿದ್ದಿದ್ದ ಲಿಬರೇಟರ್ ಬಾಂಬರ್‌ಗಳನ್ನು ಎಬ್ಬಿಸಿ ಹಾರಿಸಿಕೊಂಡು ಬೆಂಗಳೂರಿಗೆ ತಂದರು. ಒಂದೊಂದಕ್ಕೆ ನಾಲ್ಕು ಎಂಜಿನ್, ಒಂದೊಂದು ಎಂಜಿನ್‌ಗೆ 14 ಸಿಲಿಂಡರ್. 56 ಸಿಲಿಂಡರ್, ಒಂದೊಂದಕ್ಕೆ ಎರಡರಂತೆ 112 ಪ್ಲಗ್! ಹಾಳುಬಿದ್ದ ವಿಮಾನದಲ್ಲಿ ಅಷ್ಟನ್ನೂ ಮತ್ತೆ ಓಡಿಸಿದರು ಅಂದರೆ ಎಂಜಿನ್ ಗಟ್ಟಿ, ಫಿಟ್ಟರ್‌ಗಳು ಅದಕ್ಕಿಂತ ಗಟ್ಟಿ.

ಉಳಿದದ್ದನ್ನು ನನಗೆ ಹೇಳಲು ಬರುವುದಿಲ್ಲ. ಹುಲ್ಲು ರನ್‌ವೇ, ಸ್ಟಾರ್ಟ್ ಮಾಡಿದಾಗ ಸದ್ದು ರೆಕಾರ್ಡ್ ಮಾಡಿ ಹಾಕು. ಕೇಳಿ 30 ವರ್ಷದ ಮೇಲಾಯಿತು.

ಹುಲ್ಲು ರನ್‌ವೇ (ಎರಡು ದಿನದ ನಂತರ)

ಎಂಜಿನಿಯರ್ ಬಂದು ಎಲ್ಲ ನೋಡಿದರು. ಫಿಲ್ಟರ್‌ನಲ್ಲಿ ಲೋಹದ ಚೂರಿಲ್ಲ, 5ನೇ ಸಿಲಿಂಡರ್‌ನ ಪಿಸ್ಟನ್ ಉಳಿದವುಗಳಷ್ಟೇ ಎತ್ತರಕ್ಕೆ ಬರುತ್ತಿದೆ. ಡ್ರೈನ್ ಹಾಕಲು ಒಪ್ಪಿಕೊಂಡಿದ್ದಾರೆ.

ಇವತ್ತು ಬೆಳಿಗ್ಗೆ ಸ್ಟಾರ್ಟ್ ಮಾಡಿದೆವು. ಬ್ಲೇಡ್ ಎಳೆದವನು ಅದೇ ಸ್ನೇಹಿತ, ಹನ್ನೆರಡರವರೆಗೆ ಜೋರಾಗಿ ಎಣಿಸಿದ. ಗಾಳಿ ಸುಯ್ ಅಂತು. ಎರಡು ಬ್ಲೇಡ್ ಸುಮ್ಮನೆ ಹೋದವು. ಯಾವುದೋ ಒಂದು ಸಿಲಿಂಡರ್ ಕೆಮ್ಮಿತು, ಇನ್ನೊಂದು ಉತ್ತರ ಕೊಟ್ಟಿತು, ಆಮೇಲೆ ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಎದ್ದ ಹಾಗೆ ಉಳಿದವು ಸೇರಿಕೊಂಡವು. ಬಿಳಿ ಹೊಗೆಯಲ್ಲಿ ಎಡಗಡೆಯ ರೆಕ್ಕೆ ಕಾಣಲಿಲ್ಲ. ಪಕ್ಕದ ಹ್ಯಾಂಗರ್‌ನವರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿಬಂದರು. ಆಮೇಲೆ ಅವರೂ ನಿಂತು ಕೇಳಿದರು.

ರೆಕಾರ್ಡಿಂಗ್ ಹಾಕಿದ್ದೇನೆ ಸರ್.

ಒಂಬತ್ತನೇ ಸಿಲಿಂಡರ್

ಹೆಡ್‌ಫೋನ್ ಹಾಕಿ ನಾಲ್ಕು ಸಲ ಕೇಳಿದೆ. ಸಿಲಿಂಡರ್‌ಗಳು ಹೊಡೆಯುವ ಕ್ರಮ 1-3-5-7-9-2-4-6-8, ಅಲ್ವಾ? ಒಂದು ಬಿಟ್ಟು ಒಂದು ಹೊಡೆಯುತ್ತಾ ಎರಡು ಸುತ್ತಿಗೆ ಒಂಬತ್ತೂ ಮುಗಿಯಬೇಕು ಅಂದರೆ ಬೆಸ ಸಂಖ್ಯೆಯೇ ಆಗಬೇಕು. ಓದಿ ಪರೀಕ್ಷೆ ಬರೆದಿದ್ದೆ, ಈಗ ಕಿವಿಗೆ ಬಂತು. ನನ್ನ ಎರಡನೇ ಪ್ರಶ್ನೆ ವಾಪಸ್ ತೆಗೆದುಕೊಂಡೆ.

ನಿವೃತ್ತ ಫಿಟ್ಟರ್

ಕೇಳಿದೆ. ಮನೆಯವರನ್ನೂ ಕರೆದು ಕೇಳಿಸಿದೆ. "ಇದಕ್ಕಾ ಇಷ್ಟು ದಿನ ಕಾದಿದ್ದು" ಅಂದಳು.

ತಮ್ಮಾ, ಎಂಟು ಸಿಲಿಂಡರ್ ಎದ್ದವು, ಒಂಬತ್ತನೆಯದು ತಡವಾಗಿ ಬಂತು. ಸುಮಾರು 20 ಸೆಕೆಂಡ್ ಕುಂಟಿತು. ತಣ್ಣಗಿರುವಾಗ ಮತ್ತೆ ಸ್ಟಾರ್ಟ್ ಮಾಡಿ, ಕುಂಟುತ್ತಿರುವಾಗಲೇ ನಿಲ್ಲಿಸು. ಪ್ರೊಪೆಲ್ಲರ್ ಪೂರ್ತಿ ನಿಂತು ಸ್ವಿಚ್ ಆಫ್ ಆದ ಮೇಲೆ ಪ್ರತಿ ಸಿಲಿಂಡರ್‌ನ ಎಕ್ಸಾಸ್ಟ್ ಪೈಪಿಗೆ ಶಾಖ ಅಳೆಯುವ ಗನ್ ಹಿಡಿ. ಒಂದು ಮಾತ್ರ ತಣ್ಣಗಿರುತ್ತದೆ. ಅದರ ಪ್ಲಗ್ ಬಿಚ್ಚಿ ನೋಡು.

ಹುಲ್ಲು ರನ್‌ವೇ

6ನೇ ಸಿಲಿಂಡರ್ ಸರ್. ಎರಡೂ ಪ್ಲಗ್ ಎಣ್ಣೆಯಲ್ಲಿ ಮುಳುಗಿ ಕಪ್ಪಾಗಿದ್ದವು. ತೊಳೆದು ಹಾಕಿದ್ದೇನೆ, ಈಗ ಒಂಬತ್ತೂ ಒಟ್ಟಿಗೆ ಬರುತ್ತಿವೆ. ಹೊಸ ರೆಕಾರ್ಡಿಂಗ್ ಕೆಳಗಿದೆ.