ಒಂದೇ ಜಾತಿಯ ನೆಡುತೋಪೋ, ಮಿಶ್ರ ತೋಪೋ: ಬೆಳವಣಿಗೆ ಎಲ್ಲಿ ಜಾಸ್ತಿ?

ಬೆಟ್ಟದಂಚು:
ಸಾಗರದ ಕಡೆ ಎರಡು ಎಕರೆ ಜಂಬಿಟ್ಟಿಗೆ ನೆಲ, ಅಕೇಶಿಯಾ ಕಡಿಸಿ ಆಗಿದೆ. ಈ ಮಳೆಗಾಲಕ್ಕೆ ಗಿಡ ಹಾಕಬೇಕು. ಹಲವು ಜಾತಿ ಬೆರೆಸಿದರೆ ಬೆಳವಣಿಗೆ ಜಾಸ್ತಿ ಅಂತಾರೆ. ಪಕ್ಕದ ಮೂರು ವರ್ಷದ ಮಿಶ್ರ ತೋಪಿನಲ್ಲಿ ಅಂಥದ್ದೇನೂ ಕಾಣಲಿಲ್ಲ. ಲಾಭ ನಿಜವೇ? ಯಾವಾಗಿಂದ? ಬೆರೆಸುವುದು ಹೇಗೆ?

ದರಗು:
ಮೂರು ವರ್ಷಕ್ಕೆ ಕಾಣುವುದಿಲ್ಲ. 3 ಮೀಟರ್ ಅಂತರದಲ್ಲಿ ನೆಟ್ಟರೆ, ಕೊಂಬೆ-ಬೇರು ಹೆಣೆದುಕೊಳ್ಳುವ ತನಕ ಪ್ರತಿ ಗಿಡವೂ ಒಂಟಿಯೇ. ಪಕ್ಕದಲ್ಲಿರುವುದು ಮತ್ತಿಯೋ ನಂದಿಯೋ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಆಗ ಪೈಪೋಟಿ ಕಳೆಯ ಜತೆಗೆ. ನೆತ್ತಿ ಕೂಡಿದ ಮೇಲೆ ವ್ಯತ್ಯಾಸ ಶುರು. ಒಂದೇ ಜಾತಿಯಾದರೆ ಎಲ್ಲವೂ ಒಂದೇ ಎತ್ತರದ ಬಿಸಿಲಿಗೆ, ಒಂದೇ ಆಳದ ನೀರಿಗೆ ಮುಗಿಬೀಳುತ್ತವೆ.

ಚೀನಾದ ಜಿಯಾಂಗ್ಶಿ ಪ್ರಾಂತ್ಯದಲ್ಲಿ 2009-10ರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಗಿಡ ನೆಟ್ಟು ಇದನ್ನೇ ಅಳೆದರು. ಎಂಟು ವರ್ಷಕ್ಕೆ 16 ಜಾತಿಯ ತಾಕುಗಳಲ್ಲಿ ಮರಗಳಲ್ಲಿ ಕೂಡಿದ ಇಂಗಾಲ (ಬೆಳವಣಿಗೆಯ ಅಳತೆ ಅದೇ) ಹೆಕ್ಟೇರಿಗೆ ಸುಮಾರು 32 ಟನ್, ಒಂದೇ ಜಾತಿಯವುಗಳಲ್ಲಿ ಸರಾಸರಿ 12 ಟನ್. ‘ಸರಾಸರಿ’ ಎಂಬುದನ್ನು ಗಮನಿಸಿ. ಅಲ್ಲಿ ವಾಣಿಜ್ಯಕ್ಕೆ ಬೆಳೆಸುವ ಎರಡು ಜಾತಿಗಳು ಒಂಟಿಯಾಗಿಯೇ ಹೆಚ್ಚುಕಡಿಮೆ ಆ 16ರ ಮಿಶ್ರಣದಷ್ಟು ಬೆಳೆದಿದ್ದವು. ಅಂದರೆ ಮಿಶ್ರಣ ಎಲ್ಲವನ್ನೂ ಸೋಲಿಸುತ್ತದೆ ಎಂದು ಹಿಗ್ಗಬೇಡಿ.

ನಂದಿಮರ:
ಎರಡು ಎಕರೆಗೆ 3×3 ಮೀಟರಿನಲ್ಲಿ ಹತ್ತಿರ 900 ಗಿಡ ಬೇಕು. ಸೋಲುವುದೆಲ್ಲ ಜೋಡಣೆಯಲ್ಲಿ. ಒಂದು ಶಿವನೆ, ಒಂದು ಹೊನ್ನೆ ಅಂತ ಸಾಲಿಗೆ ಒಂದೊಂದು ಹಾಕಿದರೆ ಶಿವನೆ ಸರಸರನೆ ಮೇಲೇರಿ ಹೊನ್ನೆಯನ್ನು ಮುಚ್ಚುತ್ತದೆ. ಹೊನ್ನೆಗೆ ಬಿಸಿಲು ಬೇಕು, ಅಲ್ಲೇ ಕುಗ್ಗುತ್ತದೆ. ಅದಕ್ಕೆ ಮತ್ತಿ, ಹೊನ್ನೆ, ನಂದಿ, ಶಿವನೆಯನ್ನು ಜಾತಿಗೆ ಒಂಬತ್ತೊಂಬತ್ತರ ಗುಂಪು ಮಾಡಿ. ಮುರುಗಲು, ಉಪ್ಪಾಗೆ ನೆರಳು ತಾಳುತ್ತವೆ, ಮೇಲೆ ತುಸು ನೆರಳಾದ ಮೇಲೆ ನಡುವೆ ಹಾಕಿದರೆ ಸಾಕು. ಬೀಟೆ ಹಾಕುವುದಿದ್ದರೆ, ಮುಂದೆ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು ಎನ್ನುವುದು ನೆನಪಿರಲಿ.

ಗುಂಡಿ ಒಂದೂವರೆ ಅಡಿ ಘನ. ಮೇಲ್ಮಣ್ಣು ಬೇರೆ ಇಟ್ಟು ಅದನ್ನೇ ಬೇರಿನ ಬುಡಕ್ಕೆ ತುಂಬಿ. ಅಕೇಶಿಯಾ ಬೀಜ ನೆಲದಲ್ಲಿ ಕಾದು ಕೂತಿರುತ್ತದೆ, ಬೆಂಕಿ ಬಿದ್ದರಂತೂ ಒತ್ತಾಗಿ ಏಳುತ್ತದೆ. ಆದ್ದರಿಂದ ಕಸ ಸುಡಬೇಡಿ, ಸಸಿಗಳನ್ನು ಮೊದಲ ಮಳೆಗಾಲದಲ್ಲೇ ಬೇರುಸಹಿತ ಕೀಳಿ.

ಬೆಟ್ಟದಂಚು:
ಹೊನ್ನೆ ಸಾರಜನಕ ಕೊಡುತ್ತದಲ್ಲ, ಅದನ್ನೇ ಹೆಚ್ಚಿಗೆ ಹಾಕಿದರೆ ಉಳಿದವಕ್ಕೆ ಗೊಬ್ಬರ ಆಗುವುದಿಲ್ಲವೇ?

ದರಗು:
ಸಾರಜನಕ ಕಡಿಮೆ ಇರುವ ನೆಲದಲ್ಲಿ ಆ ಲಾಭ ದೊಡ್ಡದು. ಹವಾಯಿಯಲ್ಲಿ ನೀಲಗಿರಿ ಜತೆ ಆಲ್ಬಿಜಿಯಾ ಎಂಬ ಸಾರಜನಕ ಹಿಡಿಯುವ ಮರ ಬೆರೆಸಿದಾಗ ಹಾಗೇ ಆಯಿತು. ನಿಮ್ಮಲ್ಲಿ ಈಗಷ್ಟೇ ಅಕೇಶಿಯಾ ಇತ್ತು, ಅದೂ ಸಾರಜನಕ ಹಿಡಿಯುವ ಮರವೇ. ಜಂಬಿಟ್ಟಿಗೆ ನೆಲದಲ್ಲಿ ಕೊರತೆ ಹೆಚ್ಚಾಗಿ ರಂಜಕದ್ದು. ಮಣ್ಣು ಪರೀಕ್ಷೆ ಮಾಡಿಸದೆ ಹೊನ್ನೆಯನ್ನೇ ತುಂಬಬೇಡಿ.

ಸುತ್ತಳತೆ:
ಇಬ್ಬರೂ ಅಳತೆಯ ಮಾತೇ ಎತ್ತಲಿಲ್ಲ. ಉಳಿದ ಮರಗಳ ಸರಾಸರಿ ದಪ್ಪ ನೋಡಿ ‘ಬೆಳೆದಿದೆ’ ಎನ್ನುವಂತಿಲ್ಲ. ಬಡಕಲು ಗಿಡ ಸತ್ತರೂ ಸರಾಸರಿ ಏರುತ್ತದೆ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಬಣ್ಣದ ಗೆರೆ ಹಾಕಿ, ಪ್ರತಿವರ್ಷ ಫೆಬ್ರವರಿಯಲ್ಲಿ ಅದೇ ಜಾಗದಲ್ಲಿ ಟೇಪು ಸುತ್ತಿ. ಮಳೆಗಾಲದಲ್ಲಿ ತೊಗಟೆ ನೀರು ಕುಡಿದು ಉಬ್ಬಿರುತ್ತದೆ. ಸುತ್ತಳತೆಯನ್ನು ಮೀಟರಿನಲ್ಲಿ ವರ್ಗ ಮಾಡಿ 12.57ರಿಂದ ಭಾಗಿಸಿ: ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ಸಿಗುತ್ತದೆ, 60 ಸೆಂ.ಮೀ. ಸುತ್ತಳತೆಯ ಮರಕ್ಕೆ 0.029 ಚದರ ಮೀಟರ್ ಬರುತ್ತದೆ. ಎಲ್ಲ ಮರಗಳದ್ದು ಕೂಡಿಸಿ, ಸತ್ತವಕ್ಕೆ ಸೊನ್ನೆ. ಅಂಚಿನ ಎರಡು ಸಾಲು ಬಿಡಿ, ಬದಿಯ ಬಿಸಿಲು ಸಿಕ್ಕಿ ಅವು ಹೇಗಿದ್ದರೂ ಕೊಬ್ಬುತ್ತವೆ.